ಟೆನೆರಿಫೆಯಲ್ಲಿ ಅಮ್ಮ, ಮಗಳು ಇಬ್ಬರಿಗೂ ಒಗ್ಗುವ ಹೋಟೆಲ್ ಯಾವುದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಲಂಡನ್‌ನಿಂದ ಸ್ಪೇನ್‌ನ ಟೆನೆರಿಫೆ ದ್ವೀಪಕ್ಕೆ ಹೊರಟಿದ್ದೇವೆ. ನಾವಿಬ್ಬರು, 4 ವರ್ಷದ ಮಗಳು, ಊರಿಂದ ಬಂದಿರುವ ಅಮ್ಮ.

ದ್ವೀಪದ ಉತ್ತರ ಭಾಗ ಹಸಿರು ಹಸಿರಾಗಿದೆ, ನಿಜ. ಆದರೆ ಈಶಾನ್ಯದ ಗಾಳಿ ತರುವ ಮೋಡವೂ ಆ ಕಡೆಗೇ ಜಾಸ್ತಿ. ಬಿಸಿಲು ಬೇಕಂದ್ರೆ ದಕ್ಷಿಣವೇ ಸರಿ, ಅಲ್ವಾ?

ನನ್ನ ಒಲವು ದಕ್ಷಿಣ ತೀರದ ಊರು ಲಾಸ್ ಕ್ರಿಸ್ತಿಯಾನೋಸ್ ಕಡೆ. ಬಂದರಿನ ಆಸರೆ ಇರುವುದರಿಂದ ಅಲೆ ಕಡಿಮೆ, ದಡದುದ್ದಕ್ಕೂ ಸಮತಟ್ಟಾದ ಕಾಲುದಾರಿ. ಯಜಮಾನರಿಗೆ ಮಾತ್ರ ಅದೇ ಕಡೆ ಇರುವ ಕೋಸ್ತಾ ಅದೇಹೆಯ ದೊಡ್ಡ ರೆಸಾರ್ಟೇ ಬೇಕಂತೆ. ಅಮ್ಮನಿಗೆ ಮಂಡಿನೋವು. 'ಬೀಚಿಗೆ 5 ನಿಮಿಷ' ಅಂತ ಎಲ್ಲರೂ ಹಾಕಿರುತ್ತಾರೆ, ವಾಪಸ್ ಬರುವಾಗ ಏರು ಹತ್ತಬೇಕು ಅನ್ನೋದನ್ನು ಯಾರೂ ಹೇಳಲ್ಲ!

ಹೋಗಿಬಂದವರು ದಯವಿಟ್ಟು ತಿಳಿಸಿ: ಮಕ್ಕಳ ಈಜುಕೊಳದ ನೀರನ್ನು ಚಳಿಗಾಲದಲ್ಲಿ ನಿಜವಾಗಲೂ ಬಿಸಿ ಮಾಡುತ್ತಾರಾ, ಇಲ್ಲ ಸುಮ್ನೆ ಹೆಸರಿಗಾ? ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಬಫೆಯಲ್ಲಿ ಬ್ರೆಡ್ಡು, ಹಣ್ಣು, ಆಲೂಗಡ್ಡೆ ಬಿಟ್ಟು ಅವರಿಗೆ ಏನಾದರೂ ಸಿಗುತ್ತಾ? ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹೋಟೆಲ್ ಗೊತ್ತಿದ್ದರೆ ಇನ್ನೂ ಒಳ್ಳೆಯದು, ಚಿಕ್ಕ ಕುಕ್ಕರ್, ಸಾರಿನ ಪುಡಿ ಹೇಗೂ ಬ್ಯಾಗಿನಲ್ಲಿ ಬರುತ್ತೆ. ಅಮ್ಮನಿಗೆ ಸೋಫಾ ಬೆಡ್ ಆಗಲ್ಲ, ಎರಡು ಕೋಣೆ ಬೇಕು. ಈ ವಾರದೊಳಗೆ ಬುಕ್ ಮಾಡಬೇಕು.