ಇಳಿವಯಸ್ಸಿನ ಕ್ಷಯ: ಮಾಂಟೂ ನೆಗೆಟಿವ್ ಬಂದರೆ ಸಾಕೇ?

ಪ್ರಶ್ನೆ (ಬದಿಯಡ್ಕ): 78ರ ಅಜ್ಜನಿಗೆ ಜ್ವರವಿಲ್ಲ, ಊಟ ಸೇರುವುದಿಲ್ಲ, ತೂಕ ಇಳಿಯುತ್ತಿದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗದಲ್ಲಿ ಕಲೆ. ಮಾಂಟೂ (ಕ್ಷಯದ ಸೋಂಕು ತಿಳಿಯಲು ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆ) ನೆಗೆಟಿವ್. ಕ್ಷಯ ಅಲ್ಲ ಅನ್ನಬಹುದೇ ಡಾಕ್ಟ್ರೇ?

ಉತ್ತರ (ಕುಂಬಳೆ): ಖಂಡಿತ ಅನ್ನಬೇಡಿ. ಈ ವಯಸ್ಸಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿ ಮಾಂಟೂ ಸುಳ್ಳು ನೆಗೆಟಿವ್ ಬರುವುದುಂಟು. ಪಾಸಿಟಿವ್ ಬಂದರೂ ಹಳೇ ಸೋಂಕೋ ಈಗಿನ ರೋಗವೋ ತಿಳಿಯದು. ಕ್ಷಯದ ಕಲೆ ಶ್ವಾಸಕೋಶದ ಮೇಲ್ಭಾಗದಲ್ಲೇ ಇರಬೇಕೆಂದಿಲ್ಲ. ಕಫದ ಎರಡು ಮಾದರಿ, ಒಂದು ಮುಂಜಾನೆಯದ್ದು, ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್‌ಗೆ (ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆಗಳು) ಕಳಿಸಿ. ಬಾಯಿ ಮುಕ್ಕಳಿಸಿ ಎದೆಯಾಳದಿಂದ ಕೆಮ್ಮಲಿ. 2ರಿಂದ 5 ಮಿಲಿ ಬೇಕು, ಎಂಜಲು ಸಾಲದು.

ಕೇಳಿದವರು: ಕಫವೇ ಬರುವುದಿಲ್ಲ.

ಉತ್ತರ (ಮಂಜೇಶ್ವರ): ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟು, 3% ಉಪ್ಪುದ್ರಾವಣ ನೆಬ್ಯುಲೈಸ್ ಮಾಡಿ (ಮಂಜಿನಂತೆ ಉಸಿರಿಗೆ ಕೊಟ್ಟು) ಕಫ ತರಿಸಿ, ಆಕ್ಸಿಜನ್ ಮಟ್ಟ ನೋಡುತ್ತಿರಿ. ಆಗದಿದ್ದರೆ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ಮಾದರಿ ತೆಗೆಯುವುದು). ದಯವಿಟ್ಟು ನ್ಯುಮೋನಿಯಾ ಎಂದು ಲಿವೊಫ್ಲಾಕ್ಸಾಸಿನ್ ಶುರು ಮಾಡಬೇಡಿ, ಆ ಆ್ಯಂಟಿಬಯಾಟಿಕ್ ಕ್ಷಯದ ಮೇಲೂ ಕೆಲಸ ಮಾಡುವುದರಿಂದ ಕ್ಷಯ ಸ್ವಲ್ಪ ಕಾಲ ಅಡಗಿ ಪತ್ತೆ ತಡವಾಗುತ್ತದೆ. ಹಿಂದೆ ಕ್ಷಯದ ಮದ್ದು ತಿಂದವರಾದರೆ ಸತ್ತ ರೋಗಾಣುವಿನಿಂದಲೂ ಸಿಬಿನ್ಯಾಟ್, ಟ್ರೂನ್ಯಾಟ್ ಪಾಸಿಟಿವ್ ಬಂದೀತು. ಹಾಗಾಗಿ ಕಲ್ಚರ್ (ಜೀವಂತ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕೂಡ ಮಾಡಿಸಿ.