ಕಾರಿನ ಬ್ಯಾಟರಿ ಹೊಸದು, ಅಲಾರಂ ಮಾತ್ರ ನಿಲ್ಲುತ್ತಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ಹೆಬ್ಬಾಳ ಹ್ಯಾಚ್‌ಬ್ಯಾಕ್: 2015ರ ಪೆಟ್ರೋಲ್ ಗಾಡಿ. ಹಳೆ ಬ್ಯಾಟರಿ ಸತ್ತಿತ್ತು. ಮನೆಗೇ ಬಂದು 35 ಎಎಚ್ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಲೆಕ್ಕ) ಹೊಸದು ಹಾಕಿಕೊಟ್ಟು ಹೋದರು. ಅವತ್ತಿನಿಂದ ರಾತ್ರಿ ಲಾಕ್ ಮಾಡಿದ ಸ್ವಲ್ಪ ಹೊತ್ತಿಗೆ ಅಲಾರಂ ಕೂಗುತ್ತದೆ. ರಿಮೋಟ್ ಒತ್ತಿದರೆ ನಿಲ್ಲುತ್ತದೆ, ಮತ್ತೆ ಶುರು. ಅಲಾರಂ ಕಂಪನಿ ಫಿಟ್ಟಿಂಗ್ ಅಲ್ಲ, ಹೊರಗೆ ಹಾಕಿಸಿದ್ದು. ರಿಮೋಟ್ ಸೆಲ್ ಬದಲಾಯಿಸಿ ಆಯ್ತು. ಮೊದಲು ಏನು ನೋಡಬೇಕು? ಅನುಭವ ಇದ್ದವರು ಹೇಳಿ.

ಕೆಂಗೇರಿ ಸವಾರ: ಬಾನೆಟ್ ಸ್ವಿಚ್, ಅಂದರೆ ಬಾನೆಟ್ ತೆರೆದಿದೆಯಾ ಅಂತ ಅಲಾರಂಗೆ ತಿಳಿಸುವ ಪಿನ್. ಬೇರೇನೂ ಹುಡುಕಬೇಡಿ. ನನಗೆ ಸರ್ವಿಸ್ ಸೆಂಟರ್‌ನವರು ಕಂಪ್ಯೂಟರ್ ಹಚ್ಚಿ, ಬಾಡಿ ಕಂಟ್ರೋಲ್ ಮಾಡ್ಯೂಲ್ (ಲೈಟು, ಲಾಕು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ ಅಂತ ₹14,600 ಎಸ್ಟಿಮೇಟ್ ಕೊಟ್ಟರು. ಲೇಬರ್ ಬೇರೆ, ಜಿಎಸ್‌ಟಿ ಬೇರೆ. ಸುಮ್ನೆ ಸ್ಕ್ಯಾನ್ ಮಾಡಿದ್ದಕ್ಕೇ ₹850. ಗಾಡಿ ಅಲ್ಲೇ ಬಿಟ್ಟು ಬಂದಿದ್ದಕ್ಕೆ ಆಟೋ ಖರ್ಚು ಹೋಗಿ ಬಂದು ₹420. ಬೇಡ ಅಂತ ಜೆ.ಸಿ. ರಸ್ತೆಯ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ತಗೊಂಡು ಹೋದೆ. ಅವನು ಬಾನೆಟ್ ಎತ್ತಿ ನೋಡಿದ. ಪಿನ್ನಿನ ತಲೆ ಮೇಲಿನ ರಬ್ಬರ್ ಸವೆದುಹೋಗಿತ್ತು. ಬಾನೆಟ್ ಮುಚ್ಚಿದರೂ ಪಿನ್ ಪೂರ್ತಿ ಕೂರುತ್ತಿರಲಿಲ್ಲ. ಅಲಾರಂ ಲೆಕ್ಕದಲ್ಲಿ ಬಾನೆಟ್ ತೆರೆದೇ ಇದೆ! ಸ್ವಿಚ್ ₹120, ಅವನ ಕೈಗೆ ₹300. ಪಾರ್ಕಿಂಗ್‌ನವನು ₹60 ಕಿತ್ತ, ಅದು ಇನ್ನೂ ಉರಿಯುತ್ತದೆ.

ಪಣಂಬೂರು ಗಾಳಿ: ಬಾನೆಟ್ ಸ್ವಿಚ್ ಬೆಂಗಳೂರಿನವರ ಕಾಯಿಲೆ ಮಾರಾಯ್ರೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಸೈರನ್ನೇ ಕೊಳೆಯುವುದು. ಕೆಲವು ಸೈರನ್ ಒಳಗೆ ಅದರದ್ದೇ ಪುಟ್ಟ ಬ್ಯಾಟರಿ ಇರುತ್ತದೆ, ಕಳ್ಳ ದೊಡ್ಡ ಬ್ಯಾಟರಿಯ ವೈರ್ ಕತ್ತರಿಸಿದರೂ ಕೂಗಲಿ ಅಂತ. ವರ್ಷ ಕಳೆದಂತೆ ಅದು ಸೋರಿ ಬೋರ್ಡ್ ತಿಂದುಬಿಡುತ್ತದೆ. ನಾನು ಬ್ಯಾಟರಿ ಕಳಚಿಟ್ಟು ಟರ್ಮಿನಲ್ ಉಜ್ಜುತ್ತಾ ಇದ್ದೆ, ಕರೆಂಟೇ ಇಲ್ಲದ ಕಾರು ಊರು ಕೇಳುವ ಹಾಗೆ ಕೂಗಿತು. ಅದನ್ನು ಬಂದ್ ಮಾಡಲು ಸೈರನ್ನಿಗೇ ಒಂದು ಚಿಕ್ಕ ಕೀ ಇತ್ತಂತೆ. ಸೆಕೆಂಡ್ ಹ್ಯಾಂಡ್ ಗಾಡಿ, ಮಾರಿದವರು ಆ ಕೀ ಕೊಟ್ಟೇ ಇರಲಿಲ್ಲ. ಹೊಸ ಸೈರನ್ ₹2,350, ಮುಂಬೈಯಿಂದ ಕೊರಿಯರ್ ₹180. ಬಂದದ್ದು ಒಡೆದು ಬಂತು. ವಾಪಸ್ ಕಳಿಸುವ ಖರ್ಚೂ ನಮ್ಮದೇ.

ಕೆಂಗೇರಿ ಸವಾರ: ಕಾಯಿಲೆ ಅಂದರೆ ಏನರ್ಥ? ಕೇಳಿದವರು ಇರೋದು ಹೆಬ್ಬಾಳದಲ್ಲಿ. ಅಲ್ಲಿ ಸಮುದ್ರ ಎಲ್ಲಿಂದ ಬಂತು?

ಮೀಟರ್ ಮೇಷ್ಟ್ರು: ಇಬ್ಬರೂ ಅಂದಾಜಿನಲ್ಲಿ ಬಾಣ ಬಿಡುತ್ತಿದ್ದೀರಿ. ವೋಲ್ಟ್, ಆಂಪ್ ಅಳೆಯುವ ಒಂದು ಮೀಟರ್ ತಗೊಳ್ಳಿ ಸ್ವಾಮಿ, ₹600ಕ್ಕೆ ಸಿಗುತ್ತದೆ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ 13.8ರಿಂದ 14.4. ಆಮೇಲೆ ನೆಗೆಟಿವ್ ಕೇಬಲ್ ಕಳಚಿ, ಕೇಬಲ್‌ಗೂ ಬ್ಯಾಟರಿಗೂ ಮಧ್ಯೆ ಮೀಟರ್ ಇಟ್ಟು, ಅರ್ಧ ಗಂಟೆ ಸುಮ್ಮನಿರಿ. ಎಲ್ಲ ನಿದ್ದೆಗೆ ಹೋದ ಮೇಲೆ ಸೋರಿಕೆ 50 ಮಿಲಿಆಂಪ್ ಒಳಗಿರಬೇಕು. ನನ್ನದರಲ್ಲಿ 180 ಇತ್ತು! ದಿನಕ್ಕೆ 4 ಎಎಚ್‌ಗಿಂತ ಜಾಸ್ತಿ ಸೋರಿಕೆ. 35 ಎಎಚ್ ಬ್ಯಾಟರಿ ನಾಲ್ಕು ದಿನಕ್ಕೆ ಅರ್ಧ ಖಾಲಿ. ವೋಲ್ಟೇಜ್ ಇಳಿದರೆ ಇಂಥ ಅಲಾರಂಗಳಿಗೆ ತಲೆ ಕೆಡುತ್ತದೆ, ಯಾರೋ ವೈರ್‌ಗೆ ಕೈ ಹಾಕಿದರು ಅಂದುಕೊಳ್ಳುತ್ತವೆ. ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ಕದಿಯುತ್ತಿದ್ದದ್ದು ಅಲಾರಂ ಮಾಡ್ಯೂಲೇ. ಅಷ್ಟರಲ್ಲಿ ₹4,300ರ ಬ್ಯಾಟರಿ ಒಂದು ಮಣ್ಣಾಗಿತ್ತು. ಹೊರಗೆ ವೈರ್ ಕತ್ತರಿಸಿದ್ದಾರೆ ಅಂತ ವಾರಂಟಿಯೂ ಇಲ್ಲ ಅಂದರು. ಅಲಾರಂ ಕಿತ್ತೆಸೆದೆ. ಈಗ ಸ್ಟೀರಿಂಗ್ ಲಾಕ್ ರಾಡ್ ಹಾಕುತ್ತೇನೆ, ಆರಾಮ.

ಬಯಲುಸೀಮೆ ಬಂಡಿ: ಮೇಷ್ಟ್ರೇ, ಹೊಸಬರಿಗೆ ಆಂಪ್ ಅಳೆಯಲು ಹೇಳುತ್ತೀರಿ, ಮೀಟರ್ ಮಧ್ಯೆ ಇಟ್ಟಾಗ ಸ್ಟಾರ್ಟ್ ಹೊಡೆಯಬೇಡಿ ಅಂತ ಹೇಳಲ್ವಾ? ನಮ್ಮ ಅಳಿಯ ಹೊಡೆದ. ಮೀಟರ್ ಫ್ಯೂಸ್ ಠುಸ್.

ಮೀಟರ್ ಮೇಷ್ಟ್ರು: ಅಷ್ಟೂ ಗೊತ್ತಿಲ್ಲದವರು ಬಾನೆಟ್ ಎತ್ತಲೇಬಾರದು.

ಬಯಲುಸೀಮೆ ಬಂಡಿ: ಅದಕ್ಕೇ ಯಾರೂ ನಿಮ್ಮನ್ನು ಏನೂ ಕೇಳಲ್ಲ. ಇರಲಿ. ನಿಜವಾದ ವಿಷಯ ಯಾರೂ ಹೇಳಿಲ್ಲ. ಬ್ಯಾಟರಿ ಮೇಲಿನ ನಂಬರ್ ಕೊನೆಯಲ್ಲಿ ಎಲ್ ಅಥವಾ ಆರ್ ಅಂತ ಇರುತ್ತದೆ. ಪ್ಲಸ್ ಯಾವ ಕಡೆ ಅಂತ ಅದರ ಅರ್ಥ. ನನಗೆ ಮನೆಗೆ ಬಂದವನು ಎಲ್ ಬದಲು ಆರ್ ತಂದ. "ನಡೆಯುತ್ತೆ ಸಾರ್" ಅಂತ ಕೇಬಲ್ ಎಳೆದು ಹಾಕಿದ. ಎಳೆದ ಕೇಬಲ್‌ಗೆ ಕ್ಲ್ಯಾಂಪ್ ಪೂರ್ತಿ ಕೂರಲ್ಲ. ಹಂಪ್ ಹತ್ತಿದರೆ ಕರೆಂಟ್ ಹೋಗಿ ಬರುತ್ತಿತ್ತು. ಕರೆಂಟ್ ಬಂದಾಗೆಲ್ಲ ಅಲಾರಂಗೆ ತಾನು ಲಾಕ್ ಆಗಿದ್ದೇ ನೆನಪು, ಕೂಗುತ್ತದೆ. ಚಿತ್ರದುರ್ಗ ದಾಟುವವರೆಗೆ ಹೈವೇಲಿ ಕೂಗಿಸಿಕೊಂಡು ಹೋದೆ, ಟೋಲ್‌ನಲ್ಲಿ ಎಲ್ಲರೂ ನನ್ನನ್ನೇ ಕಳ್ಳ ಅನ್ನೋ ಹಾಗೆ ನೋಡಿದರು. ಬ್ಯಾಟರಿ ಬದಲಿಸಿಕೊಡಿ ಅಂದರೆ "ಬಳಸಿದ್ದು ವಾಪಸ್ ಇಲ್ಲ". ₹4,150 ನೀರಲ್ಲಿ ಹೋಮ. ಮನೆ ಬಾಗಿಲಿಗೆ ಬರುವ ಈ ಸೇವೆಗಳೆಲ್ಲ ಮೋಸ.

ಭಾನುವಾರ ಡ್ರೈವರ್: ಎಲ್ಲ ಅಂದರೆ ಹೇಗೆ? ನನಗೆ ಮೂರನೇ ಬ್ಯಾಟರಿ ಹೀಗೇ ಮನೆಯಲ್ಲೇ ಹಾಕಿಸಿದ್ದು. ನೆಗೆಟಿವ್ ಮೊದಲು ಕಳಚಿ, ಕೊನೆಗೆ ಹಾಕಿ, ವ್ಯಾಸಲೀನ್ ಸವರಿ ಹೋದ. ಹಳೇದಕ್ಕೆ ₹700 ಕಡಿತ ಕೂಡ ಕೊಟ್ಟ. ನೀವು ಅಗ್ಗದವನನ್ನು ಕರೆದಿರುತ್ತೀರಿ.

ಬಯಲುಸೀಮೆ ಬಂಡಿ: ಅಗ್ಗ ಅಂತೆ! ಬಿಲ್ ಇಟ್ಟುಕೊಂಡಿದ್ದೇನೆ ಸಾರ್, ಬೇಕಾ?

ಹೆಬ್ಬಾಳ ಹ್ಯಾಚ್‌ಬ್ಯಾಕ್: ಎಲ್ಲರಿಗೂ ಥ್ಯಾಂಕ್ಸ್. ಬಾನೆಟ್ ಸ್ವಿಚ್ ಪ್ಲಗ್ ಕಿತ್ತಿಟ್ಟೆ, ಆದರೂ ಕೂಗಿತು. ನನ್ನದು ಎಲ್ ಬ್ಯಾಟರಿಯೇ, ಕ್ಲ್ಯಾಂಪ್ ಬಿಗಿ ಇದೆ. ಬೆಳಿಗ್ಗೆ ಮೀಟರ್ 12.1 ವೋಲ್ಟ್ ತೋರಿಸುತ್ತದೆ. ಅದು ಸರಿನಾ? ಡ್ಯಾಶ್ ಕೆಳಗಿನ ಶಾಕ್ ಸೆನ್ಸರ್ (ಗಾಡಿ ಅಲುಗಿದರೆ ಅಲಾರಂ ಕೂಗಿಸುವುದು) ಸ್ಕ್ರೂ ತಿರುಗಿಸಿ ಸ್ವಲ್ಪ ಕಡಿಮೆ ಮಾಡಲಾ?

ಕೆಂಗೇರಿ ಸವಾರ: ಪ್ಲಗ್ ಕಿತ್ತರೆ ಸಾಲದು, ಸ್ವಿಚ್ಚೇ ಬದಲಾಯಿಸಿ.

ಮೀಟರ್ ಮೇಷ್ಟ್ರು: 12.1 ಅಂದರೆ ಅರ್ಧ ಖಾಲಿ. ನಾನು ಹೇಳಿದ್ದೇ ಆಯ್ತು. ಸ್ಕ್ರೂ ಮುಟ್ಟಬೇಡಿ, ಅಲಾರಂ ಫ್ಯೂಸ್ ಕಿತ್ತು ಸೋರಿಕೆ ಎಷ್ಟು ಇಳಿಯುತ್ತದೆ ನೋಡಿ.

ಆರನೇ ಮಹಡಿ: ಕೂಗುವ ಕಾರಿನ ಪಕ್ಕದ ಬ್ಲಾಕ್‌ನಲ್ಲಿ ಮಲಗುವವರ ಕಷ್ಟ ಇಲ್ಲಿ ಯಾರಿಗೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ನಮ್ಮಲ್ಲಿ ಕಮಿಟಿ ₹1,000 ದಂಡ ಹಾಕುತ್ತದೆ. ಸರಿಯಾಗೇ ಇದೆ.

ಭಾನುವಾರ ಡ್ರೈವರ್: ಬೆಳಗಿನ ಜಾವ ನಿಮ್ಮ ಕಮಿಟಿಯ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಲ್ಲ, ಅದಕ್ಕೆಷ್ಟು ದಂಡ?

ಪಣಂಬೂರು ಗಾಳಿ: ಹಳೇ ಬ್ಯಾಟರಿಗೆ ₹700 ಅಂದವರೇ, ನಿಮಗೆ ಟೋಪಿ. ನಮ್ಮ ಗುಜರಿಯವರು ತೂಕಕ್ಕೆ ₹950 ಕೊಟ್ಟರು.

ಮೀಟರ್ ಮೇಷ್ಟ್ರು: ಗುಜರಿಯವನು ಆಸಿಡ್ ಎಲ್ಲಿ ಸುರಿಯುತ್ತಾನೆ ಅಂತ ಕೇಳಿದಿರಾ? 2022ರಲ್ಲಿ ಬ್ಯಾಟರಿ ತ್ಯಾಜ್ಯಕ್ಕೇ ಬೇರೆ ನಿಯಮ ಬಂದಿದೆ.

ಪಣಂಬೂರು ಗಾಳಿ: ₹250 ನೀವು ಕೊಡಿ ಮೇಷ್ಟ್ರೇ, ಮುಂದಿನ ಸಲ ನಿಯಮದ ಪ್ರಕಾರವೇ ಕೊಡುವ.