ಮನೆಯವರ ಗುಂಪಲ್ಲಿ 'ದಿ ಥಿಂಗ್' ಚರ್ಚೆ

ತುಮಕೂರು ಮನೆಯವರ ಗುಂಪು, ಶನಿವಾರ ರಾತ್ರಿ

ಚಿಕ್ಕಪ್ಪ: (ವಿಡಿಯೋ) ಜಾನ್ ಕಾರ್ಪೆಂಟರ್ ತೆಗೆದ ಭಯದ ಸಿನಿಮಾ 'ದಿ ಥಿಂಗ್', 1982. ಮನುಷ್ಯರ ರೂಪ ತಾಳುವ ಬೇರೆ ಗ್ರಹದ ಜೀವಿಯ ಕಥೆ. ಡಾಕ್ಟರು ಎದೆಗೆ ಶಾಕ್ ಕೊಡುವ ಸೀನ್. ಎಷ್ಟು ಸಲ ನೋಡಿದರೂ ಮೈ ಜುಮ್ ಅನ್ನುತ್ತದೆ.

ದೊಡ್ಡಮ್ಮ: ಊಟದ ಹೊತ್ತಿಗೆ ಇದನ್ನೆಲ್ಲ ಯಾಕೆ ಹಾಕುತ್ತೀಯಪ್ಪಾ? ಮಕ್ಕಳ ಕೈಯಲ್ಲಿ ಫೋನ್ ಇರುತ್ತದೆ.

ಪವನ್: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ರಬ್ಬರ್ ಅಂತ ಗೊತ್ತಾಗುತ್ತದೆ. ಈಗ ನಾವು ಗ್ರಾಫಿಕ್ಸ್ ಕೆಲಸದವರು ಕಂಪ್ಯೂಟರಲ್ಲಿ ಇದಕ್ಕಿಂತ ಚೆನ್ನಾಗಿ ಮಾಡುತ್ತೇವೆ. ನಿಮಗೆ ಹಳೇದರ ಮೇಲೆ ಪ್ರೀತಿ, ಅಷ್ಟೇ.

ಸವಿತಕ್ಕ: ಹಳೇ ಪ್ರೀತಿ ಅಂತೀಯಲ್ಲ ಪವನ್, ಬಂದಾಗ ಇದನ್ನು ಯಾರೂ ಪ್ರೀತಿಸಲೇ ಇಲ್ಲ. ಎರಡು ವಾರ ಮುಂಚೆ 'ಇ.ಟಿ.' ಸಿನಿಮಾ ಬಂದಿತ್ತು. ಜನಕ್ಕೆ ಅದರಲ್ಲಿನ ಬೇರೆ ಗ್ರಹದ ಮುದ್ದು ಜೀವಿ ಹಿಡಿಸಿತ್ತು. ಇದನ್ನು ವಿಮರ್ಶಕರು ಅಸಹ್ಯ ಅಂದರು. ಆಮೇಲೆ ಕ್ಯಾಸೆಟ್ಟಲ್ಲಿ, ಟಿವಿಯಲ್ಲಿ ನೋಡಿದವರೇ ಉಳಿಸಿಕೊಂಡದ್ದು. ಆಗ ಹುಟ್ಟೇ ಇರದವರೂ ಇವತ್ತು ಹುಡುಕಿ ನೋಡುತ್ತಾರೆ.

ಸವಿತಕ್ಕ: ಈ ಸೀನನ್ನೇ ತಗೋ. ಮಲಗಿದವನ ಎದೆಯೇ ಬಾಯಿಯ ಹಾಗೆ ತೆರೆದು ಡಾಕ್ಟರ ಎರಡೂ ಕೈ ಕಚ್ಚುತ್ತದೆ. ಅದಕ್ಕೆ ಈ ಸಿನಿಮಾದ ಬೊಂಬೆ, ಮುಖವಾಡ ಮಾಡಿದ ರಾಬ್ ಬೊಟಿನ್ ಎರಡೂ ಕೈ ಇಲ್ಲದ ಒಬ್ಬರನ್ನು ಕರೆಸಿ, ಡಾಕ್ಟರ ಮುಖವಾಡ ತೊಡಿಸಿದರು. ಮೇಣದ ಮೂಳೆ, ರಬ್ಬರ್ ನರ, ಜೆಲ್ಲಿ ತುಂಬಿದ ತೋಳು ಕಟ್ಟಿದರು. ದವಡೆ ಕಚ್ಚಿದಾಗ ಆ ತೋಳು ನಿಜವಾಗಿಯೂ ತುಂಡಾಯಿತು. ಬಿದ್ದ ಬೆಳಕು, ಸುರಿದ ಲೋಳೆ ಎಲ್ಲ ಆ ರೂಮಲ್ಲೇ ಇತ್ತು. ಕಣ್ಣಿಗೆ ಅದು ಗೊತ್ತಾಗುತ್ತದೆ, ಅಲ್ವಾ?

ಪವನ್: ಅಕ್ಕ, ಬೊಟಿನ್‌ಗೆ ವರ್ಷಕ್ಕೂ ಜಾಸ್ತಿ ಟೈಮ್ ಸಿಕ್ಕಿತು. ನಮಗೆ ಒಂದು ಶಾಟ್‌ಗೆ ಕೆಲವೇ ದಿನ. ಕಡೇ ಗಳಿಗೆಯಲ್ಲಿ ಎಲ್ಲ ಬದಲಾಯಿಸು ಅನ್ನುತ್ತಾರೆ. ತಪ್ಪು ಅವಸರದ್ದು, ಕಂಪ್ಯೂಟರದ್ದಲ್ಲ.

ಸವಿತಕ್ಕ: ಅವಸರದ ಮಾತು ನಿಜ. ಬೊಟಿನ್ ಕೂಡ ರಜೆ ಇಲ್ಲದೆ ದುಡಿದು ಆಸ್ಪತ್ರೆ ಸೇರಿದರು. ಆಗಿನ್ನೂ 22ರ ಆಸುಪಾಸು. ಅದನ್ನು ನಾನು ಹೊಗಳುವುದಿಲ್ಲ. ಆದರೆ 2011ರಲ್ಲಿ ಇದರ ಹಿಂದಿನ ಕಥೆ ತೆಗೆದಾಗ ಬೊಂಬೆಗಳನ್ನು ಕೈಯಲ್ಲೇ ಮಾಡಿದ್ದರು. ಆಮೇಲೆ ಬಹುಪಾಲು ಗ್ರಾಫಿಕ್ಸ್‌ನಿಂದ ಮುಚ್ಚಿಬಿಟ್ಟರು. ಕೈಗೆ ಬಂದದ್ದನ್ನು ಹೀಗೆ ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ.

ಚಿಕ್ಕಪ್ಪ: ನಮ್ಮ ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದದ್ದು ಸುಮ್ನೆನಾ? ಹಿರಿಯರು ಇವತ್ತಿಗೂ ಅದನ್ನೇ ಹೇಳುತ್ತಾರೆ.

ಪವನ್: ಆನೆ ಸರಿ ಚಿಕ್ಕಪ್ಪ. ಆದರೆ ನಾಟಕ ಗಟ್ಟಿ ಇಲ್ಲದಿದ್ದರೆ ಬರೀ ಆನೆಗೋಸ್ಕರ ಯಾರು ಇನ್ನೊಂದು ಸಲ ಬರುತ್ತಾರೆ? ನನಗೆ ಇದರಲ್ಲಿ ಜಾಸ್ತಿ ಭಯ ಆಗುವುದು ರಕ್ತ ಪರೀಕ್ಷೆ ಸೀನ್. ಕಾದ ತಂತಿಯನ್ನು ಒಬ್ಬೊಬ್ಬರ ರಕ್ತಕ್ಕೆ ಅದ್ದುತ್ತಾರೆ. ಎಷ್ಟೋ ಹೊತ್ತು ಬೊಂಬೆಯೇ ಇಲ್ಲ, ಬರೀ ಮುಖಗಳು. ಯಾರು ಮನುಷ್ಯ, ಯಾರು ಅಲ್ಲ, ಗೊತ್ತಿಲ್ಲ.

ಸವಿತಕ್ಕ: ನನಗೂ ಆ ಸೀನೇ ಮೇಲು. ಆದರೆ ಬರೀ ಮುಖ ನೋಡಿ ಅಷ್ಟು ಭಯ ಯಾಕೆ ಆಗುತ್ತದೆ ಹೇಳು? ಸ್ವಲ್ಪ ಮುಂಚೆಯಷ್ಟೇ ಆ ಎದೆ ಬಾಯಿ ತೆರೆದಿರುತ್ತದೆ. ಅದನ್ನು ನಂಬಿಬಿಟ್ಟಿರುತ್ತೇವೆ. ಅಲ್ಲಿ ನಂಬದಿದ್ದರೆ ಇಲ್ಲಿ ತಂತಿ ನೋಡಿ ಉಸಿರು ಹಿಡಿಯುತ್ತಿದ್ದೆಯಾ?

ಪವನ್: ಅದು ಸರಿಯಾದ ಮಾತು. ಆದರೆ ರಬ್ಬರ್ ಮಾತ್ರವೇ ನಂಬಿಸುತ್ತದೆ ಅಂದರೆ ನಾನು ಒಪ್ಪುವುದಿಲ್ಲ. ಭಾನುವಾರ ಕ್ಯಾತ್ಸಂದ್ರದ ಮನೆಗೆ ಬರುತ್ತೇನೆ. ಎರಡೂ ಸಿನಿಮಾ ಹಾಕಿ ನೋಡೋಣ.

ಸವಿತಕ್ಕ: ಬಾ. ಮೊದಲು 2011ರದ್ದು.